ಗರ್ಭಿಣಿಯ ಶುಗರ್ ಟೆಸ್ಟ್: 148 ಬಂದರೆ ನಾರ್ಮಲ್ಲೋ ಅಲ್ಲವೋ?

ಪ್ರಶ್ನೆ: ನನಗೀಗ 26 ವಾರ. ಪಿಎಚ್‌ಸಿಯಲ್ಲಿ ತಿಂಡಿ ತಿಂದುಕೊಂಡು ಹೋಗಿದ್ದಾಗಲೇ ಗ್ಲೂಕೋಸ್ ನೀರು ಕುಡಿಸಿ, 2 ಗಂಟೆ ಬಿಟ್ಟು ರಕ್ತ ಪರೀಕ್ಷಿಸಿದರು. 148 ಬಂತು, ಶುಗರ್ ಇದೆ ಎಂದರು. ಆಮೇಲೆ ಖಾಸಗಿ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ಮಾಡಿಸಿದೆ: ಮೊದಲು 84, ಗ್ಲೂಕೋಸ್ ಕುಡಿದ 1 ಗಂಟೆಗೆ 166, 2 ಗಂಟೆಗೆ 147. ನಾರ್ಮಲ್ ಎಂದು ಬರೆದಿದ್ದಾರೆ. ಯಾರನ್ನು ನಂಬಲಿ?
– ಓದುಗರು, ಹಾಸನ

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ, ಅವರವರ ಮಿತಿ ಬೇರೆ. ಪಿಎಚ್‌ಸಿಯವರದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ. ಊಟ ಆಗಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಗೆ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಡಯಾಬಿಟಿಸ್ ಎಂದೇ ಲೆಕ್ಕ. ಲ್ಯಾಬಿನವರು ನೋಡಿರುವುದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಿತಿ: ಖಾಲಿ ಹೊಟ್ಟೆಗೆ 92, 1 ಗಂಟೆಗೆ 180, 2 ಗಂಟೆಗೆ 153. ಮೂರರಲ್ಲಿ ಒಂದು ಮುಟ್ಟಿದರೂ ಶುಗರ್. ನಿಮ್ಮದು ಮೂರೂ ಒಳಗಿವೆ.

ಉಪವಾಸ ಬೇಡವೆಂದದ್ದು ಉದಾಸೀನದಿಂದಲ್ಲ. ದೂರದಿಂದ ಬಸ್ಸು ಹಿಡಿದು ಬರುವ ಬಸುರಿಗೆ ‘ನಾಳೆ ಏನೂ ತಿನ್ನದೆ ಬನ್ನಿ’ ಎಂದರೆ ಎಷ್ಟೋ ಜನ ತಿರುಗಿ ಬರುವುದೇ ಇಲ್ಲ. ಆದರೆ ಈ ವಿಧಾನಕ್ಕೂ ಕೊರತೆಯಿದೆ: ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ಏರಿರುವವರು ಇದರಲ್ಲಿ ತಪ್ಪಿಹೋಗಬಹುದು.

ನಿಮ್ಮ ವಿಷಯದಲ್ಲಿ 148ನ್ನು ತಳ್ಳಿಹಾಕಬೇಡಿ ಎಂದೇ ನಮ್ಮ ಸಲಹೆ. ಎರಡೂ ರಿಪೋರ್ಟನ್ನು ತಾಯಿ ಕಾರ್ಡಿನ ಜೊತೆ ನಿಮ್ಮ ವೈದ್ಯರಿಗೆ ತೋರಿಸಿ. ಮೊದಲ ಹೆಜ್ಜೆ ಮಾತ್ರೆಯೂ ಅಲ್ಲ, ಇಂಜೆಕ್ಷನ್ನೂ ಅಲ್ಲ. 2 ವಾರ ಪಥ್ಯ, ನಡಿಗೆ. ಆಮೇಲೆ ಊಟವಾದ 2 ಗಂಟೆಗೆ ನೋಡಿದಾಗ 120ರ ಒಳಗಿದ್ದರೆ ಅದನ್ನೇ ಮುಂದುವರಿಸುತ್ತಾರೆ. 120 ಮುಟ್ಟಿದರೆ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್. ಪಥ್ಯವೆಂದು ಹೊಟ್ಟೆಗೆ ಕಡಿಮೆ ಮಾಡಬೇಡಿ, ಊಟವನ್ನು ಹಂಚಿಕೊಳ್ಳಿ: ಮೂರು ಊಟ, ನಡುವೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ. ರಾಗಿ ಒಳ್ಳೆಯದೆಂದು ಬೆಲ್ಲ ಹಾಕಿದ ಗಂಜಿ ಕುಡಿಯುವವರಿದ್ದಾರೆ, ಅದರಿಂದ ಸಕ್ಕರೆ ಸರ್ರನೆ ಏರುತ್ತದೆ. ಮುದ್ದೆ ಒಂದೇ ಇರಲಿ, ಸೊಪ್ಪು ಕಾಳಿನ ಸಾರು ಧಾರಾಳವಾಗಿರಲಿ.

ಪ್ರಶ್ನೆ: ಗ್ಲೂಕೋಸ್ ಕುಡಿದು 20 ನಿಮಿಷಕ್ಕೆ ವಾಂತಿಯಾಯಿತು. ಆದರೂ 2 ಗಂಟೆಗೆ ರಕ್ತ ತೆಗೆದು ನಾರ್ಮಲ್ ಎಂದರು. ಒಪ್ಪಬಹುದೇ?
– ಓದುಗರು, ಸಿರಸಿ

ಉತ್ತರ: ಬೇಡ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಟೆಸ್ಟನ್ನು ಇನ್ನೊಂದು ದಿನ ಮತ್ತೆ ಮಾಡಬೇಕು. ಅರ್ಧ ಗಂಟೆ ದಾಟಿದ ಮೇಲಾದರೆ ಮುಂದುವರಿಸಬಹುದು. ಮುಂದಿನ ಸಲ 300 ಮಿಲಿ ತಣ್ಣಗಿನ ನೀರಿನಲ್ಲಿ ಕದಡಿಸಿಕೊಳ್ಳಿ. ಗಟಗಟನೆ ಬೇಡ, 5ರಿಂದ 10 ನಿಮಿಷದಲ್ಲಿ ಮುಗಿಸಿ. ಸಿಹಿ ಹೊಟ್ಟೆ ತೊಳೆಸಿದರೆ ನಾಲ್ಕು ಹನಿ ನಿಂಬೆರಸ ಹಾಕಬಹುದೇ ಎಂದು ಲ್ಯಾಬಿನವರನ್ನು ಕೇಳಿ.

ಪುಡಿಯನ್ನು ನೀವೇ ಒಯ್ಯುವುದಾದರೆ ಚಮಚದ ಲೆಕ್ಕ ನಂಬಬೇಡಿ, ತೂಕದ 75 ಗ್ರಾಂ ಪ್ಯಾಕೆಟ್ಟೇ ಇರಲಿ. ಲೇಬಲ್ಲಿನಲ್ಲಿ ‘ಮೊನೊಹೈಡ್ರೇಟ್’ ಎಂದಿದ್ದರೆ ಅದರಲ್ಲಿ ನೀರಿನ ಅಂಶ ಸೇರಿರುತ್ತದೆ, 82.5 ಗ್ರಾಂ ಬೇಕು. ಕಿತ್ತಳೆ, ನಿಂಬೆ ರುಚಿಯ ಪುಡಿಗಳಲ್ಲಿ ಬೇರೆ ಸಕ್ಕರೆಯೂ ಬೆರೆತಿರಬಹುದು, ಅವು ಬೇಡ.

ಕುಡಿಯಲು ಶುರುಮಾಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ, 2 ಗಂಟೆ ಅಲ್ಲಿಂದ. ಅಷ್ಟರಲ್ಲಿ ಪೇಟೆ ಸುತ್ತಲು ಹೋಗಬೇಡಿ. ನಡೆದಾಡಿದರೆ ಸ್ನಾಯುಗಳು ಸಕ್ಕರೆ ಬಳಸಿಕೊಂಡು ಅಂಕಿ ಸುಳ್ಳೇ ಇಳಿಯುತ್ತದೆ. ತೆಗೆದ ರಕ್ತ ಹಾಗೇ ಬಿದ್ದಿದ್ದರೂ ಅಷ್ಟೇ: ರಕ್ತಕಣಗಳೇ ಸಕ್ಕರೆ ಖರ್ಚುಮಾಡಿ, ಗಂಟೆಗೆ ಶೇ 5–7ರಷ್ಟು ಕಡಿಮೆಯಾಗುತ್ತದೆ. ಬೂದು ಮುಚ್ಚಳದ ಟ್ಯೂಬು ಇರುವುದು ಇದಕ್ಕೇ.

ಪ್ರಶ್ನೆ: ಗ್ಲೂಕೋಸ್ ಕುಡಿಯುವ ಬದಲು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸಾಲದೇ?
– ಓದುಗರು, ಪುಣೆ

ಉತ್ತರ: ಸಾಲದು. ಬಸುರಿನಲ್ಲಿ ಕೆಂಪು ರಕ್ತಕಣಗಳು ಬೇಗ ಬದಲಾಗುವುದರಿಂದ ಆ ಅಂಕಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ರಕ್ತಹೀನತೆಯಿದ್ದರೆ ಇನ್ನಷ್ಟು ಏರುಪೇರು. ಮೊದಲ ಭೇಟಿಯಲ್ಲಿ ಗ್ಲೂಕೋಸ್ ಟೆಸ್ಟ್ ನಾರ್ಮಲ್ ಬಂದಿದ್ದರೂ 24–28ನೇ ವಾರದಲ್ಲಿ ಮತ್ತೊಮ್ಮೆ ಮಾಡಿಸಿ.