ಭೂಮಿಯ ಅಯಸ್ಕಾಂತ ಬಾಹ್ಯಾಕಾಶ ನೌಕೆಯನ್ನು ತಳ್ಳುತ್ತದಾ?

ಪ್ರಶ್ನೆ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನಿನ ಅಯಸ್ಕಾಂತ ಟನ್‌ಗಟ್ಟಲೆ ಕಬ್ಬಿಣ ಎತ್ತುತ್ತದೆ. ಭೂಮಿಯೂ ಅಯಸ್ಕಾಂತವೇ ಅಲ್ವಾ, ಅದರ ಬಲದಿಂದ ಇಂಧನವಿಲ್ಲದೆ ನೌಕೆ ಓಡಿಸಬಹುದಾ?
– ಓದುಗರು, ಸಂಡೂರು, ಬಳ್ಳಾರಿ ಜಿಲ್ಲೆ

ಉತ್ತರ: ನೆಲದಿಂದ ಎತ್ತೋಕೆ ಆಗಲ್ಲ ಬಿಡಿ. ಫ್ರಿಜ್ ಬಾಗಿಲಿನ ಪುಟ್ಟ ಅಯಸ್ಕಾಂತವೇ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ನೂರು ಪಟ್ಟು ಜೋರು. ಆದರೆ ಕಕ್ಷೆಯಲ್ಲಿ ಸುತ್ತುತ್ತಿರುವ ನೌಕೆಯಿಂದ ಕಿಲೋಮೀಟರ್‌ಗಟ್ಟಲೆ ತಂತಿ ಇಳಿಬಿಟ್ಟು, ಅದರಲ್ಲಿ ಸೋಲಾರ್ ವಿದ್ಯುತ್ ಹರಿಸಿದರೆ, ಕಾಂತಕ್ಷೇತ್ರ ಆ ತಂತಿಯನ್ನು ತಳ್ಳುತ್ತದೆ, ನೌಕೆ ನಿಧಾನವಾಗಿ ಮೇಲೇರುತ್ತದೆ. ವಿದ್ಯುತ್ ತಿರುಗಿ ಹರಿದರೆ ಅದೇ ತಂತಿ ಬ್ರೇಕ್! ಹಳೆಯ ಉಪಗ್ರಹಗಳನ್ನು ಕೆಳಗಿಳಿಸಲು ನನಗೆ ಇದೇ ಹೆಚ್ಚು ಉಪಯೋಗದ್ದು ಅನಿಸುತ್ತದೆ. 1996ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಶಟಲ್‌ನಿಂದ ಸುಮಾರು 20 ಕಿ.ಮೀ. ತಂತಿ ಬಿಟ್ಟಿದ್ದರು. ಕಾಂತಕ್ಷೇತ್ರದಲ್ಲಿ ಓಡುವ ತಂತಿಯಲ್ಲಿ ತಾನಾಗಿ ವಿದ್ಯುತ್ ಹುಟ್ಟುತ್ತದಾ ನೋಡೋಣ ಅಂತ. 3,500 ವೋಲ್ಟ್ ಹುಟ್ಟಿತು, ಆಮೇಲೆ ಕಿಡಿ ಹಾರಿ ತಂತಿಯೇ ತುಂಡಾಯಿತು.