ಕಂಪನಿ ಕೈ ಬದಲಾದರೆ ನನ್ನ ಟಿವಿಯ ಗತಿ ಏನು?

(ಓದುಗರ ಪ್ರಶ್ನೆಗಳಿಗೆ ಹುಬ್ಬಳ್ಳಿಯ ಟಿವಿ ರಿಪೇರಿ ತಜ್ಞರ ಉತ್ತರ)

ಪ್ರಶ್ನೆ: ದೀಪಾವಳಿಗೆ 55 ಇಂಚಿನ ಟಿವಿ ತರಬೇಕು ಅಂತ ರೊಕ್ಕ ಕೂಡಿಸಿ ಇಟ್ಟಿದ್ದೇನೆ. ಬ್ರಾಂಡೂ ನೋಡಿ ಆಗಿದೆ. ಆದರೆ ಆ ಕಂಪನಿಯನ್ನು ದೊಡ್ಡ ಟೆಕ್ ಕಂಪನಿಯೊಂದು ಕೊಳ್ಳುತ್ತದಂತೆ, ಮಗ ಮೊಬೈಲಿನಲ್ಲಿ ಓದಿ ಹೇಳಿದ. "ಈಗಲೇ ಒಯ್ಯಿರಿ, ಆಮೇಲೆ ರೇಟ್ ಏರುತ್ತೆ" ಅಂತಾರೆ ಅಂಗಡಿಯವರು. "ಬ್ಯಾಡ್ರೀ ಮಾವಾರ, ವಾರಂಟಿ ಮುಳುಗ್ತದ" ಅಂತಾನೆ ಅಳಿಯ. ಯಾರ ಮಾತು ಕೇಳಲಿ?
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ಗುರುಗಳೇ, ಇಬ್ಬರನ್ನೂ ಪೂರ್ತಿ ನಂಬಬೇಡಿ.

ಮೊದಲು ಆ ಸುದ್ದಿಯ ವಿಷಯ. ಇಂಥ ಸುದ್ದಿಗಳೆಲ್ಲ ಕೂಸು ಹುಟ್ಟುವ ಮುಂಚೆ ಹೊಲಿಸಿದ ಕುಲಾವಿ. 2012ರಲ್ಲಿ ಆಪಲ್ ಕಂಪನಿ ಜರ್ಮನಿಯ ಲೋವೆ ಎಂಬ ಟಿವಿ ಕಂಪನಿಯನ್ನು ಕೊಳ್ಳುತ್ತದೆ ಅಂತ ದೊಡ್ಡ ಗುಲ್ಲೆದ್ದಿತ್ತು. ಅದರಲ್ಲಿ ಹುರುಳಿಲ್ಲ ಅಂತ ಲೋವೆಯವರೇ ಹೇಳಿದರು. ಮರುವರ್ಷ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಗುಲ್ಲು ಬಿಡಿ, ಡಂಗುರ ಹೊಡೆದು ಹೇಳಿದ ವ್ಯವಹಾರವೂ ಮುರಿದು ಬೀಳುತ್ತದೆ. ಚೀನಾದ ಲೀಇಕೊ 2016ರಲ್ಲಿ ಅಮೆರಿಕದ ವಿಜಿಯೊ ಎಂಬ ಟಿವಿ ಕಂಪನಿಯನ್ನು 200 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. 2017ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಕೊನೆಗೆ ವಿಜಿಯೊವನ್ನು ಕೊಂಡದ್ದು ಯಾರು ಗೊತ್ತಾ? ಅಕ್ಕಿ ಬೇಳೆಯಿಂದ ಹಿಡಿದು ಎಲ್ಲ ಮಾರುವ ವಾಲ್‌ಮಾರ್ಟ್. ಬೆಲೆ 230 ಕೋಟಿ ಡಾಲರ್. 2024ರ ಫೆಬ್ರವರಿಯಲ್ಲಿ ಮಾತು ಹೊರಬಿತ್ತು, ಡಿಸೆಂಬರ್‌ನಲ್ಲಿ ಕೆಲಸ ಮುಗಿಯಿತು. ಮಾತು ಪಕ್ಕಾ ಆದ ಮೇಲೂ ಹತ್ತು ತಿಂಗಳು. ನಿಮ್ಮ ದೀಪಾವಳಿ ಅಷ್ಟು ಕಾಯುವುದಿಲ್ಲ, ಅಲ್ವಾ?

ಕಿರಾಣಿ ಮಾರುವವರಿಗೆ ಟಿವಿ ಕಂಪನಿ ಯಾಕೆ ಬೇಕಾಯಿತು? ಇಲ್ಲೇ ಇದೆ ನೋಡಿ ಗುಟ್ಟು. ಟಿವಿ ಮಾರಿದರೆ ಉಳಿಯುವುದು ಚೂರುಪಾರು. ಟಿವಿಯೊಳಗೆ ಜಾಹೀರಾತು ತೋರಿಸಿದರೆ ರೊಕ್ಕ ತಿಂಗಳು ತಿಂಗಳೂ ಬರುತ್ತದೆ. ವಿಜಿಯೊಗೆ ಟಿವಿ ಮಾರಾಟಕ್ಕಿಂತ ಜಾಹೀರಾತಿನ ಕಡೆಯ ಲಾಭವೇ ಜಾಸ್ತಿ ಆಗಿತ್ತು. ಕೊಳ್ಳುವವರು ಕಣ್ಣು ಹಾಕುವುದು ಕಾರ್ಖಾನೆಯ ಮೇಲಲ್ಲ, ನಿಮ್ಮ ಪಡಸಾಲೆಯ ಗೋಡೆಯ ಮೇಲೆ. ಹೀಗಿರುವಾಗ ರೇಟ್ ಏರಿಸಿ ಗಿರಾಕಿಯನ್ನು ಓಡಿಸುವವರು ಯಾರು? ಟಿವಿ ರೇಟು ಏರಿಳಿಯುವುದು ಪ್ಯಾನೆಲ್ ಅಂದರೆ ಪರದೆಯ ಬೆಲೆಯಿಂದ, ಡಾಲರ್‌ನಿಂದ, ತೆರಿಗೆಯಿಂದ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ನೀವು ಬಿಲ್ಲಿನಲ್ಲಿ ನೋಡಬೇಕಾದ್ದು ಆ 18.

ಇನ್ನು ಅಳಿಯಂದಿರ ಮಾತು. ಕಂಪನಿಯ ಷೇರನ್ನು ಬೇರೆಯವರು ಕೊಂಡರೆ ಕಂಪನಿ ಅದೇ ಇರುತ್ತದೆ, ಮಾಲೀಕರು ಮಾತ್ರ ಬೇರೆ. ವಾರಂಟಿ ಎಲ್ಲಿಗೂ ಹೋಗುವುದಿಲ್ಲ. ಹೆದರಬೇಕಾದ್ದು ಬೇರೆ ಎರಡಕ್ಕೆ. ಒಂದು, ಕಂಪನಿ ಮಾರಾಟವೂ ಆಗದೆ ಮುಳುಗುವುದು. ಎರಡನೆಯದು ಬರೀ ಹೆಸರು ಬಾಡಿಗೆಗೆ ಹೋಗುವುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ತೋಷಿಬಾ ಟಿವಿ ವ್ಯವಹಾರ ಈಗ ಚೀನಾದ ಹೈಸೆನ್ಸ್ ಕೈಯಲ್ಲಿದೆ. ನಮ್ಮಲ್ಲಿ ಕೊಡಾಕ್ ಅಂತಲೂ ಥಾಮ್ಸನ್ ಅಂತಲೂ ಟಿವಿ ಮಾರುವುದು ಸೂಪರ್ ಪ್ಲಾಸ್ಟ್ರಾನಿಕ್ಸ್ ಎಂಬ ಒಂದೇ ಭಾರತೀಯ ಕಂಪನಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಪ್ಪನ ಕಾಲದ ಹೆಸರು ನೋಡಿ ಅಪ್ಪನ ಕಾಲದ ಕಂಪನಿಯೇ ಅಂದುಕೊಳ್ಳಬೇಡಿ.

ಹಾಗಾಗಿ ಅಂಗಡಿಯಲ್ಲಿ ಪರದೆ ನೋಡುವ ಮುಂಚೆ ರಟ್ಟಿನ ಡಬ್ಬಿ ತಿರುಗಿಸಿ ನೋಡಿ. ತಯಾರಿಸಿದವರು ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಗ್ರಾಹಕರ ದೂರಿಗೆ ನಂಬರು ಅಲ್ಲಿ ಇರಲೇಬೇಕು, ಅದು ಕಾನೂನು. ಆ ನಂಬರಿಗೆ ಅಲ್ಲೇ ನಿಂತು ಫೋನ್ ಹಚ್ಚಿ, "ಗದಗಿಗೆ ಮೆಕ್ಯಾನಿಕ್ ಎಲ್ಲಿಂದ ಬರ್ತಾರೆ?" ಅಂತ ಕೇಳಿ. ಅಂಗಡಿಯವರು ಮುಖ ಸಣ್ಣದು ಮಾಡಿದರೆ ಮಾಡಲಿ. ಪಕ್ಕಾ ಬಿಲ್ ತಗೊಳ್ಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ. ತಂಟೆ ಬಂದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತಂಟೆ ಬಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಕಂಪನಿಯ ಜೊತೆ ಮಾರಿದ ಅಂಗಡಿಯನ್ನೂ ಸೇರಿಸಿ. ಕಂಪನಿ ಕೈ ಬದಲಾದರೂ ಅಂಗಡಿ ನಿಮ್ಮೂರಲ್ಲೇ ಇರುತ್ತೆ.

ಪ್ರಶ್ನೆ: ನಮ್ಮ ಸ್ಮಾರ್ಟ್ ಟಿವಿ ಮೊನ್ನೆ ತಾನಾಗಿಯೇ ಅಪ್‌ಡೇಟ್ ಆಯಿತು. ಈಗ ಹಚ್ಚಿದ ಕೂಡಲೇ ಜಾಹೀರಾತು. ಕಂಪನಿ ಯಾರಿಗಾದರೂ ಮಾರಾಟ ಆಯಿತೇ?
– ಗೃಹಿಣಿ, ಹಾವೇರಿ

ಉತ್ತರ: ಮಾರಾಟ ಆಗಬೇಕಂತಿಲ್ಲ ಅಕ್ಕಾ. ಮೇಲೆ ಹೇಳಿದ ಜಾಹೀರಾತಿನ ರೊಕ್ಕದ ರುಚಿ ಈಗ ಬಹಳಷ್ಟು ಕಂಪನಿಗಳಿಗೆ ಹತ್ತಿದೆ. ನೀವು ಏನು ನೋಡುತ್ತೀರಿ ಅನ್ನುವುದನ್ನೂ ಟಿವಿ ಗಮನಿಸಬಲ್ಲದು. ಪರದೆಯ ಮೇಲಿನ ಚಿತ್ರದ ಗುರುತನ್ನು ಹಿಡಿದು ಕಂಪನಿಗೆ ಕಳಿಸುತ್ತದೆ. ಡಿಶ್‌ನಿಂದ ಬಂದರೂ ಅಷ್ಟೇ, ಡಿವಿಡಿ ಪ್ಲೇಯರ್‌ನಿಂದ ಬಂದರೂ ಅಷ್ಟೇ. ಒಪ್ಪಿಗೆ ಕೇಳದೆ ಹೀಗೆ ಮಾಡಿದ್ದಕ್ಕೆ 2017ರಲ್ಲಿ ಅದೇ ವಿಜಿಯೊ 22 ಲಕ್ಷ ಡಾಲರ್ ಕಟ್ಟಬೇಕಾಯಿತು. ಸ್ಯಾಮ್‌ಸಂಗ್ ಆದರೆ ಸೆಟ್ಟಿಂಗ್ಸ್‌ನಲ್ಲಿ 'ವ್ಯೂಯಿಂಗ್ ಇನ್‌ಫರ್ಮೇಶನ್ ಸರ್ವಿಸಸ್' ಅಂತ ಇರುತ್ತದೆ, ಎಲ್‌ಜಿಯಲ್ಲಿ 'ಲೈವ್ ಪ್ಲಸ್'. ಅದನ್ನು ಆಫ್ ಮಾಡಿ. ಬೇರೆ ಟಿವಿಯಾದರೆ ಪ್ರೈವೆಸಿ ಅನ್ನುವ ಕಡೆ ಹುಡುಕಿ. ಜಾಹೀರಾತು ಪೂರ್ತಿ ನಿಲ್ಲುವುದಿಲ್ಲ. ನಿಲ್ಲಲೇಬೇಕೆಂದರೆ ಟಿವಿಗೆ ವೈಫೈ ಕೊಡದೆ ಬರೀ ಚಾನೆಲ್ ನೋಡಬೇಕು. ನಮ್ಮ ಮನೆಯಲ್ಲಿ ನಮ್ಮವ್ವನ ಟಿವಿಗೆ ಹಾಗೇ ಮಾಡಿದ್ದೇನೆ, ಆಕೆಗೆ ಧಾರಾವಾಹಿ ಬಂದರೆ ಸಾಕು.

ಪ್ರಶ್ನೆ: ಮಗ ಚೆಂಡು ಹೊಡೆದು 43 ಇಂಚಿನ ಟಿವಿಯ ಪರದೆ ಒಡೆದಿದೆ. ಪ್ಯಾನೆಲ್‌ಗೆ ಹತ್ತಿರ ಹತ್ತಿರ ಹೊಸ ಟಿವಿಯ ರೇಟ್ ಕೇಳುತ್ತಾರೆ. ಇದು ಮೋಸವಲ್ಲವೇ?
– ಸಪ್ತಾಪುರ, ಧಾರವಾಡ

ಉತ್ತರ: ಮೋಸವಲ್ಲ. ಟಿವಿಯ ಬೆಲೆಯಲ್ಲಿ ದೊಡ್ಡ ಪಾಲು ಪ್ಯಾನೆಲ್ಲಿನದೇ. ಅದನ್ನು ಮಾಡುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು, ಹೆಚ್ಚಿನವರು ಚೀನಾದವರು. ಒಡೆದದ್ದಕ್ಕೆ ವಾರಂಟಿಯೂ ಇಲ್ಲ. ಆದರೆ ಗುಜರಿಗೆ ಹಾಕುವ ಮುಂಚೆ ರಿಪೇರಿ ಅಂಗಡಿಯಲ್ಲಿ ತೋರಿಸಿ. ಒಳಗಿನ ಬೋರ್ಡುಗಳು ಚೆನ್ನಾಗಿಯೇ ಇರುತ್ತವೆ. ನನ್ನ ಮನೆಯ ಹಳೆ ಟಿವಿಯ ಬೋರ್ಡ್ ಸುಟ್ಟಾಗ ಕಂಪನಿಯ ಸರ್ವಿಸ್ ಸೆಂಟರ್ ಬಾಗಿಲು ಹಾಕಿತ್ತು, ಫೋನೂ ಎತ್ತಲಿಲ್ಲ. ಆರು ತಿಂಗಳ ಮೇಲೆ ದುರ್ಗದಬೈಲ್ ಹತ್ತಿರದ ಗೆಳೆಯನ ಅಂಗಡಿಯಲ್ಲಿ ಅದೇ ಮಾಡೆಲ್ಲಿನ ಬೋರ್ಡ್ ಸಿಕ್ಕಿತು. ಅದು ಬಂದದ್ದೂ ಪರದೆ ಒಡೆದ ಟಿವಿಯಿಂದಲೇ.