ಅಮೆರಿಕದ ಹವ್ಯಾಸಿ ರಂಗತಂಡಗಳು ಕಂಟ್ರಿ ಸಂಗೀತದ (ಅಲ್ಲಿನ ಗ್ರಾಮೀಣ ಹಾಡುಗಳಿಂದ ಬೆಳೆದ ಜನಪ್ರಿಯ ಸಂಗೀತದ) ಪ್ರದರ್ಶನವನ್ನು ಕೆಲವೇ ತಾಲೀಮುಗಳಲ್ಲಿ ಹೇಗೆ ಸಿದ್ಧಪಡಿಸುತ್ತವೆ?

ಹಾಡುವವರು ಸಾಮಾನ್ಯವಾಗಿ ಊರಿನವರೇ: ಶಿಕ್ಷಕರು, ಅಂಗಡಿಯವರು, ನಿವೃತ್ತರು. ಅವರನ್ನು ದಡ ಸೇರಿಸುವುದು ಹಿಂದೆ ನಿಂತ ಚಿಕ್ಕ ವಾದ್ಯವೃಂದ. ಆ ವಾದಕರು ಹಾಡನ್ನು ಸ್ವರಲಿಪಿಯಲ್ಲಲ್ಲ, ಅಂಕಿಗಳಲ್ಲಿ ಓದಬಲ್ಲರು. ಇದೇ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್ವಿಲ್ ನಗರದ ಹೆಸರಿನ 'ನ್ಯಾಶ್ವಿಲ್ ಸಂಖ್ಯಾಪದ್ಧತಿ'. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ಇದನ್ನು ರೂಪಿಸಿದರು. ಹಾರ್ಮೋನಿಕಾ ವಾದಕ ಚಾರ್ಲಿ ಮೆಕಾಯ್ ಮತ್ತಿತರರು ಅದನ್ನು ಸ್ಟುಡಿಯೊ ವಾದಕರ ನಡುವೆ ಹರಡಿದರು.

ಶ್ರುತಿ ಬದಲಾದರೂ 'ಸ', 'ಮ', 'ಪ' ಎಂಬ ಹೆಸರುಗಳು ಬದಲಾಗುವುದಿಲ್ಲವಲ್ಲ, ಇದೂ ಹಾಗೆಯೇ: ಅಂಕಿ ಸ್ವರಶ್ರೇಣಿಯಲ್ಲಿನ ಸ್ಥಾನವನ್ನು ಹೇಳುತ್ತದೆ. ಬಹಳಷ್ಟು ಕಂಟ್ರಿ ಹಾಡುಗಳು 1, 4, 5 ಎಂಬ ಮೂರು ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಮೇಲೆಯೇ ನಿಂತಿವೆ. ಪಾಶ್ಚಾತ್ಯರು ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಕರೆಯುತ್ತಾರೆ; ಜಿ ಶ್ರುತಿಯಲ್ಲಿ ಅವು ಜಿ, ಸಿ, ಡಿ. ಎ ಶ್ರುತಿಗೆ ಏರಿದರೆ ಎ, ಡಿ, ಇ. ಗಾಯಕಿಗೆ ತಾರಸ್ಥಾಯಿ ಎಟುಕದಿದ್ದರೆ ಶ್ರುತಿ ಇಳಿಸಿದರಾಯಿತು, ಕಾಗದವನ್ನು ತಿದ್ದಬೇಕಿಲ್ಲ. ಒಂದು ಅಂಕಿ ಎಂದರೆ ಒಂದು ತಾಳಾವರ್ತ. ಅಂಕಿಯ ಸುತ್ತ ವಜ್ರಾಕೃತಿ ಇದ್ದರೆ ಒಮ್ಮೆ ಮೀಟಿ ನಾದವನ್ನು ಹರಿಯಬಿಡಬೇಕು. ಇಡೀ ಹಾಡು ಒಂದೇ ಹಾಳೆಯಲ್ಲಿ ಮುಗಿಯುತ್ತದೆ.

ನನ್ನ ಮಟ್ಟಿಗೆ ನಿಜವಾದ ಕಷ್ಟ ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವರನ್ನು ಹುಡುಕುವುದು. ಕೈ, ಪಾದ, ಮೊಣಕಾಲು ಎಲ್ಲಕ್ಕೂ ಕೆಲಸ ಕೊಡುವ ಆ ವಾದ್ಯವನ್ನು ಕಲಿತವರು ಕಡಿಮೆ. ಸಿಗದಿದ್ದರೆ ಪಿಟೀಲಿನವರೇ ಸಾಲುಗಳ ನಡುವಿನ ಬಿಡುವನ್ನು ತುಂಬುತ್ತಾರೆ.